ಫೈಲ್ ಅಲ್ಲೇ ಇದೆ, ಪೈಥಾನ್ ಇಲ್ಲ ಅನ್ನುತ್ತದೆ: ಹೆಸರು ಕೊಟ್ಟು ಕರೆದ ಮಾಡ್ಯೂಲ್ ಬಾರದಿದ್ದಾಗ

ಭಾನುವಾರ ಬೆಳಿಗ್ಗೆ ಆರೂವರೆಗೆ ಮಾಟುಂಗದ ಒಂದು ಉಡುಪಿ ಹೋಟೆಲಿನಿಂದ ಫೋನ್ ಬಂತು. ಅಡುಗೆಮನೆಯ ಪ್ರಿಂಟರಿನಲ್ಲಿ ಕೆಒಟಿ ಚೀಟಿ (ಅಡುಗೆಯವರಿಗೆ ಹೋಗುವ ಆರ್ಡರ್ ಚೀಟಿ) ಬರುತ್ತಿದೆ, ಜ್ಯೂಸ್ ಕೌಂಟರಿನಲ್ಲೂ ಬರುತ್ತಿದೆ, ಪಾರ್ಸೆಲ್ ಕೌಂಟರಿನಲ್ಲಿ ಮಾತ್ರ ಒಂದೂ ಇಲ್ಲ. ಕಂಪ್ಯೂಟರ್ ತೆರೆಯ ಮೇಲೆ ‘ಪಾರ್ಸೆಲ್ ಮಾಡ್ಯೂಲ್ ಇಲ್ಲ’ ಎಂದು ಬಂದಿದೆ. ಬಿಲ್ಲಿಂಗ್ ಪ್ರೋಗ್ರಾಂ ನಾನೇ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು. ಮೆಗಾ ಬ್ಲಾಕ್ (ಭಾನುವಾರದ ಹಳಿ ದುರಸ್ತಿಗೆ ಗಾಡಿ ನಿಲ್ಲಿಸುವುದು) ಶುರುವಾಗುವ ಮೊದಲೇ ತಲುಪಬೇಕೆಂದು ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ಹಿಡಿದೆ. ಅದು ಮಾಟುಂಗದಲ್ಲಿ ನಿಲ್ಲುವುದಿಲ್ಲ, ಕುರ್ಲಾದಲ್ಲಿ ಇಳಿದು ಸ್ಲೋ ಗಾಡಿಗೆ ಹತ್ತಿದೆ. ಹೋಟೆಲ್ ಮುಟ್ಟುವಷ್ಟರಲ್ಲಿ ಪಾರ್ಸೆಲಿನ ಸಾಲು ಫುಟ್‌ಪಾತ್ ತನಕ ಬಂದಿತ್ತು, ಹುಡುಗರು ಆರ್ಡರನ್ನು ಕೈಯಲ್ಲಿ ಬರೆದು ಒಳಗೆ ಕೂಗಿ ಹೇಳುತ್ತಿದ್ದರು.

ಮಾಲಕರು ಮೌಸ್ ಹಿಡಿದು ಫೋಲ್ಡರ್ ತೆರೆದು ತೋರಿಸಿದರು. “ನೋಡಿ ಮಾರಾಯ್ರೆ, ಪಾರ್ಸೆಲ್ ಫೈಲ್ ಇಲ್ಲೇ ಉಂಟಲ್ಲ. ಇಲ್ಲ ಅಂತ ಹೇಳುವುದು ಎಂತಕ್ಕೆ?”

ಅವರ ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರ ಹುಡುಕಿದ ದಾರಿಯನ್ನೂ, ಆಮೇಲೆ ಬೇರೆ ಬೇರೆ ಹೋಟೆಲುಗಳಲ್ಲಿ ಇದೇ ಜಾತಿಯ ದೋಷಗಳಿಗೆ ನಡೆದ ದಾರಿಯನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ಕೋಡಿನ ಪದಗಳನ್ನು ಓದುವ ಉಚ್ಚಾರಣೆಯಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ. ಪೈಥಾನಿನ ಸ್ವಂತ ಪದಗಳನ್ನು ಎಡಿಟರಿನಲ್ಲಿ ರೋಮನ್ ಅಕ್ಷರದಲ್ಲೇ ಹೊಡೆಯಬೇಕು.

ಮೊದಲು ಪ್ರೋಗ್ರಾಮಿನ ರಚನೆ. ಒಂದೊಂದು ಹೋಟೆಲಿನಲ್ಲಿ ಒಂದೊಂದು ಪ್ರಿಂಟರ್. ಕೆಲವು 80 ಮಿಲಿಮೀಟರ್ ಕಾಗದದವು, ಕೆಲವು 58ರವು. ಕೆಲವು ಯುಎಸ್‌ಬಿಗೆ, ಕೆಲವು ಹಳೆಯ ಸೀರಿಯಲ್ ಪೋರ್ಟಿಗೆ. ಹಾಗಾಗಿ ಪ್ರತಿ ಕೌಂಟರಿಗೂ ಒಂದು ಚಿಕ್ಕ ಮಾಡ್ಯೂಲ್ (ಕೋಡಿನ ಒಂದು ಫೈಲ್) ಬರೆದು ‘ಕೇಂದ್ರ’ ಎಂಬ ಪ್ಯಾಕೇಜಿನಲ್ಲಿ (ಮಾಡ್ಯೂಲುಗಳ ಫೋಲ್ಡರಿನಲ್ಲಿ) ಇಟ್ಟಿದ್ದೆ. ಯಾವ ಕೌಂಟರಿಗೆ ಯಾವ ಮಾಡ್ಯೂಲ್ ಎನ್ನುವುದು ಸೆಟ್ಟಿಂಗ್ ಫೈಲಿನಲ್ಲಿ. ಪ್ರೋಗ್ರಾಂ ಶುರುವಾದಾಗ ಅಲ್ಲಿಂದ ಹೆಸರು ಓದಿ ಮಾಡ್ಯೂಲನ್ನು ಕರೆಯುತ್ತದೆ, ಪೈಥಾನಿನ ಮಾತಿನಲ್ಲಿ ಇಂಪೋರ್ಟ್ ಮಾಡುತ್ತದೆ. ಪೈಥಾನ್ 3ರಲ್ಲಿ ಹೆಸರುಗಳು ಕನ್ನಡದಲ್ಲೂ ಇರಬಹುದು. ನಮ್ಮ ಹೋಟೆಲುಗಳಿಗೆ ಬರೆಯುವ ಪ್ರೋಗ್ರಾಂ ನಮ್ಮ ಭಾಷೆಯಲ್ಲೇ ಇರಲಿ ಎಂಬ ಆಸೆಯಿಂದ ಫೈಲುಗಳಿಗೆ ಅಡುಗೆ, ಜ್ಯೂಸ್, ಪಾರ್ಸೆಲ್, ಟೋಕನ್ ಎಂದೇ ಹೆಸರಿಟ್ಟಿದ್ದೆ. ಕರೆಯುವ ಭಾಗ ಹೀಗಿತ್ತು:

ಟ್ರೈ:
    ಕೌಂಟರ್ = ಇಂಪೋರ್ಟ್‌ಲಿಬ್.ಇಂಪೋರ್ಟ್_ಮಾಡ್ಯೂಲ್("ಕೇಂದ್ರ." + ಹೆಸರು)
ಎಕ್ಸೆಪ್ಟ್ ಇಂಪೋರ್ಟ್‌ಎರರ್:
    ತೋರಿಸು(ಹೆಸರು + " ಮಾಡ್ಯೂಲ್ ಇಲ್ಲ")

ನಾಲ್ಕೇ ಸಾಲು. ಟ್ರೈ ಎಂದರೆ ಇದನ್ನು ಪ್ರಯತ್ನಿಸು, ಎಕ್ಸೆಪ್ಟ್ ಎಂದರೆ ಇಂಥ ದೋಷ ಬಂದರೆ ಇದನ್ನು ಮಾಡು. ಅರ್ಧ ತೊಂದರೆ ಇದರ ಕೊನೆಯ ಎರಡು ಸಾಲಿನಲ್ಲೇ ಕೂತಿತ್ತು.

ಕಾಣೆಯಾದದ್ದು ಯಾರು?

‘ಇಂಪೋರ್ಟ್‌ಎರರ್’ ಬಂತು ಎಂದರೆ ನಾವು ಕೇಳಿದ ಮಾಡ್ಯೂಲೇ ಇಲ್ಲ ಎಂದು ಅರ್ಥವಲ್ಲ. ಆ ಮಾಡ್ಯೂಲ್ ಸಿಕ್ಕಿರಬಹುದು, ಅದು ತನ್ನ ಮೊದಲ ಸಾಲಿನಲ್ಲಿ ಇನ್ನೊಂದನ್ನು ಕರೆದು, ಆ ಇನ್ನೊಂದು ಸಿಗದೆ ಬಿದ್ದಿರಬಹುದು. ಎರಡಕ್ಕೂ ಒಂದೇ ಜಾತಿಯ ದೋಷ ಬರುತ್ತದೆ. ಮೇಲಿನ ಕೋಡ್ ಎರಡನ್ನೂ ಒಂದೇ ಬಲೆಯಲ್ಲಿ ಹಿಡಿದು, ಪೈಥಾನ್ ಹೇಳಿದ ಮಾತನ್ನು ಎಸೆದು, ತನ್ನದೊಂದು ವಾಕ್ಯ ತೋರಿಸುತ್ತಿತ್ತು. ಮಾಲಕರಿಗೆ ಪೈಥಾನಿನ ಉದ್ದ ಸಂದೇಶ ನೋಡಿ ಗಾಬರಿಯಾಗಬಾರದು ಎಂದು ಹಾಗೆ ಬರೆದಿದ್ದೆ. ಅವರ ಗಾಬರಿ ತಪ್ಪಲಿಲ್ಲ, ನನಗೆ ಬೇಕಾದ ಸುಳಿವು ಮಾತ್ರ ಹೋಯಿತು.

ಆದ್ದರಿಂದ ಮೊದಲ ಕೆಲಸ ಆ ಟ್ರೈ, ಎಕ್ಸೆಪ್ಟ್ ಸಾಲುಗಳನ್ನು ತಾತ್ಕಾಲಿಕವಾಗಿ ತೆಗೆದು ಪೈಥಾನ್ ತನ್ನ ಮಾತಿನಲ್ಲೇ ದೂರು ಹೇಳಲು ಬಿಡುವುದು. ಆ ಉದ್ದ ದೂರಿಗೆ ಟ್ರೇಸ್‌ಬ್ಯಾಕ್ ಎಂದು ಹೆಸರು. ಟ್ರೇಸ್‌ಬ್ಯಾಕಿನ ಕೊನೆಯ ಸಾಲಿನಲ್ಲಿ ಉದ್ಧರಣ ಚಿಹ್ನೆಯೊಳಗೆ ಇರುವ ಹೆಸರನ್ನು ನೋಡಿ. ಅದು ನೀವು ಕೇಳಿದ ಹೆಸರೇ ಆಗಿದ್ದರೆ ದೋಷ ಹೆಸರಿನಲ್ಲಿ ಅಥವಾ ಹುಡುಕುವ ದಾರಿಯಲ್ಲಿದೆ. ಬೇರೆ ಹೆಸರಾಗಿದ್ದರೆ ನಿಮ್ಮ ಫೈಲ್ ಸಿಕ್ಕಿದೆ, ಅದರೊಳಗಿನ ಇಂಪೋರ್ಟ್ ಬಿದ್ದಿದೆ. ಈ ಒಂದು ಪ್ರಶ್ನೆಗೆ ಉತ್ತರ ಸಿಗುವ ತನಕ ಬೇರೆ ಯಾವುದನ್ನೂ ಮುಟ್ಟಬೇಡಿ. ಪ್ರೋಗ್ರಾಂ ತೆಗೆದು ಮತ್ತೆ ಹಾಕುವುದು, ಫೈಲನ್ನು ಇನ್ನೊಂದು ಫೋಲ್ಡರಿಗೆ ನಕಲು ಮಾಡುವುದು, ಇವೆಲ್ಲ ಸುಳಿವನ್ನು ಇನ್ನಷ್ಟು ಕಲಕಿಬಿಡುತ್ತವೆ.

ಇದನ್ನು ಕೋಡಿನಲ್ಲೂ ಕೇಳಬಹುದು. ಪೈಥಾನ್ 3.3ರಿಂದ ಇಂಪೋರ್ಟ್‌ಎರರಿಗೆ ‘ನೇಮ್’ ಎಂಬ ಗುಣ ಇದೆ. 3.6ರಿಂದ, ಸಿಗದ ಮಾಡ್ಯೂಲಿಗೆಂದೇ ‘ಮಾಡ್ಯೂಲ್‌ನಾಟ್‌ಫೌಂಡ್‌ಎರರ್’ ಎಂಬ ಪ್ರತ್ಯೇಕ ಉಪಜಾತಿ ಬಂದಿದೆ. ಈಗ ನಾನು ಬರೆಯುವುದು ಹೀಗೆ:

ಎಕ್ಸೆಪ್ಟ್ ಮಾಡ್ಯೂಲ್‌ನಾಟ್‌ಫೌಂಡ್‌ಎರರ್ ಆ್ಯಸ್ ದೋಷ:
    ಇಫ್ ದೋಷ.ನೇಮ್ != ಪೂರ್ಣ_ಹೆಸರು:
        ರೇಯ್ಸ್
    ದಾಖಲಿಸು(ರೆಪ್ರ್(ಪೂರ್ಣ_ಹೆಸರು), ದೋಷ)

ಕೇಳಿದ ಹೆಸರೇ ಕಾಣೆಯಾಗಿದ್ದರೆ ಮಾತ್ರ ಹಿಡಿ, ಉಳಿದದ್ದನ್ನು ಹಾಗೇ ಮೇಲಕ್ಕೆ ಬಿಡು ಎಂದರ್ಥ. ‘ಕೇಂದ್ರ’ ಪ್ಯಾಕೇಜೇ ಸಿಗದಿದ್ದರೆ ದೋಷದಲ್ಲಿ ಬರುವ ಹೆಸರು ಬರೀ ‘ಕೇಂದ್ರ’. ಆಗಲೂ ಈ ಕೋಡ್ ದೋಷವನ್ನು ಮೇಲಕ್ಕೇ ಬಿಡುತ್ತದೆ. ಅದೇ ಸರಿ, ಪ್ಯಾಕೇಜೇ ಇಲ್ಲದ ಮೇಲೆ ಮುಂದೆ ಹೋಗುವಂತಿಲ್ಲ.

ಕಣ್ಣಿಗೆ ಕಾಣದ ಒಂಬತ್ತನೆಯ ಅಕ್ಷರ

ಮಾಟುಂಗದಲ್ಲಿ ಆ ಸಾಲುಗಳನ್ನು ತೆಗೆದು ಓಡಿಸಿದೆ. ಕೊನೆಯ ಸಾಲಿನಲ್ಲಿ ಬಂದದ್ದು ನಾನು ಕೇಳಿದ ಹೆಸರೇ, ‘ಕೇಂದ್ರ.ಪಾರ್ಸೆಲ್’. ಆದರೆ ಅದರ ಬಾಲದಲ್ಲಿ ಇನ್ನೊಂದು ಅಂಟಿಕೊಂಡಿತ್ತು: ‘\ಯು200ಸಿ’.

ಕನ್ನಡ ಟೈಪ್ ಮಾಡುವವರಿಗೆಲ್ಲ ಇದು ಗೊತ್ತಿರಬೇಕಾದ ಅಕ್ಷರ. ಇದರ ಹೆಸರು ಜೀರೋ ವಿಡ್ತ್ ನಾನ್ ಜಾಯ್ನರ್. ಅಗಲ ಸೊನ್ನೆ. ಅರ್ಧಾಕ್ಷರದ ಮುಂದೆ ಇನ್ನೊಂದು ವ್ಯಂಜನ ಬಂದಾಗ ಎರಡೂ ಕೂಡಿ ಒತ್ತಕ್ಷರ ಆಗದಂತೆ ತಡೆಯುವುದು ಇದರ ಕೆಲಸ. ‘ಕೌಂಟರ್’ ಪದಕ್ಕೆ ‘ನಲ್ಲಿ’ ಸೇರಿಸುವಾಗ ಇದು ನಡುವೆ ಇಲ್ಲದಿದ್ದರೆ ರಕಾರ ಅರ್ಕಾವೊತ್ತಾಗಿ ನಕಾರದ ಪಕ್ಕಕ್ಕೆ ಹೋಗುತ್ತದೆ. ಇಂಗ್ಲಿಷ್ ಪದಗಳನ್ನು ದಿನವಿಡೀ ಬಳಸುವ ನಮ್ಮ ಬರವಣಿಗೆಗೆ ಇದು ಬೇಕೇ ಬೇಕು. ಆದರೆ ಪದದ ಕೊನೆಯಲ್ಲಿ, ಮುಂದೆ ಏನೂ ಇಲ್ಲದ ಕಡೆಯಲ್ಲೂ ಇದು ಸೇರಿಕೊಂಡಿರುತ್ತದೆ. ನೋಡಲು ಎರಡೂ ಒಂದೇ.

ಬಂದದ್ದು ಹೇಗೆಂದು ವಿಚಾರಿಸಿದೆ. ಹೋಟೆಲಿನ ಲೆಕ್ಕ ನೋಡುವ ಹುಡುಗ ಹಿಂದಿನ ರಾತ್ರಿ ಪಾರ್ಸೆಲ್ ಕೌಂಟರಿನ ಪ್ರಿಂಟರ್ ಬದಲಾಯಿಸಿ, ಸೆಟ್ಟಿಂಗ್ ಫೈಲಿನ ಸಾಲನ್ನು ಹೊಸದಾಗಿ ತುಂಬಿದ್ದ. ಟೈಪ್ ಮಾಡಿದರೆ ತಪ್ಪಾದೀತೆಂದು ನುಡಿ ತಂತ್ರಾಂಶದಿಂದ ಯೂನಿಕೋಡಿಗೆ ಬದಲಿಸಿದ್ದ ಮೆನು ಪಟ್ಟಿಯಿಂದ ‘ಪಾರ್ಸೆಲ್’ ಪದವನ್ನು ನಕಲು ಮಾಡಿ ಅಂಟಿಸಿದ್ದ. ಅವನು ಎಚ್ಚರಿಕೆಯಿಂದಲೇ ಮಾಡಿದ ಕೆಲಸ. ತಪ್ಪು ಅವನದಲ್ಲ ಎಂದು ಮಾಲಕರ ಎದುರೇ ಹೇಳಿದೆ, ಯಾಕೆಂದರೆ ಬೆಳಿಗ್ಗೆಯಿಂದ ಬೈಗುಳ ತಿಂದವನು ಅವನೇ.

ಪರೀಕ್ಷೆ ಸುಲಭ. ಸೆಟ್ಟಿಂಗಿನಿಂದ ಓದಿದ ಹೆಸರಿನ ಉದ್ದ ಎಣಿಸಿ. ಪ, ಆ ಮಾತ್ರೆ, ರ, ವಿರಾಮ, ಸ, ಎ ಮಾತ್ರೆ, ಲ, ವಿರಾಮ. ‘ಪಾರ್ಸೆಲ್’ ಪದದಲ್ಲಿ ಯೂನಿಕೋಡ್ ಲೆಕ್ಕದ ಪ್ರಕಾರ 8 ಇರಬೇಕು. ಉದ್ದ ಎಣಿಸುವ ‘ಲೆನ್’ ಫಂಕ್ಷನ್ 9 ಎಂದಿತು. ‘ಪ್ರಿಂಟ್’ ಮಾಡಿದರೆ ಏನೂ ತಿಳಿಯುವುದಿಲ್ಲ, ‘ರೆಪ್ರ್’ ಮೂಲಕ ನೋಡಿ. ಮುದ್ರಣಕ್ಕೆ ಬಾರದ ಅಕ್ಷರಗಳನ್ನು ಅದು ಸಂಖ್ಯೆಯಾಗಿ ತೋರಿಸುತ್ತದೆ. ‘ಆಸ್ಕಿ’ ಫಂಕ್ಷನ್ ಬಳಸಿದರೆ ಕನ್ನಡದ ಎಲ್ಲ ಅಕ್ಷರಗಳೂ ಸಂಖ್ಯೆಯಾಗಿ ಬರುತ್ತವೆ, ಎರಡು ಹೆಸರುಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಲು ಅದೇ ಒಳ್ಳೆಯದು. ಪೈಥಾನಿನ ಮೂಲ ದೋಷ ಸಂದೇಶ ಹೆಸರನ್ನು ‘ರೆಪ್ರ್’ ರೂಪದಲ್ಲೇ ತೋರಿಸುತ್ತದೆ. ಅಂದರೆ ಶನಿವಾರ ರಾತ್ರಿಯೇ ಉತ್ತರ ಅದರ ಬಾಯಲ್ಲಿತ್ತು. ನನ್ನ ‘ಮಾಡ್ಯೂಲ್ ಇಲ್ಲ’ ಎಂಬ ವಾಕ್ಯ ಅದನ್ನು ಮುಚ್ಚಿತ್ತು.

‘ಸ್ಟ್ರಿಪ್’ ಮಾಡಿದರೆ ಹೋಗುವುದಿಲ್ಲವೇ ಎಂದು ಕೇಳಬಹುದು. ಇಲ್ಲ. ಸ್ಟ್ರಿಪ್ ತೆಗೆಯುವುದು ಖಾಲಿ ಜಾಗ, ಟ್ಯಾಬ್, ಸಾಲಿನ ಕೊನೆಯ ಗುರುತು ಇಂಥವನ್ನು. ಈ ಅಕ್ಷರವನ್ನು ಯೂನಿಕೋಡ್ ಖಾಲಿ ಜಾಗವೆಂದು ಎಣಿಸುವುದೇ ಇಲ್ಲ. ಫೈಲಿನ ತಲೆಯಲ್ಲಿ ಕೂರುವ ಬಾಮ್ ಎಂಬ ಗುರುತಿಗೂ ಇದೇ ಮಾತು. ಕೆಲವು ವಿಂಡೋಸ್ ಎಡಿಟರುಗಳು ಅದನ್ನು ಸೇರಿಸುತ್ತವೆ, ಫೈಲ್ ತೆರೆಯುವಾಗ ‘ಯುಟಿಎಫ್-8-ಸಿಗ್’ ಎಂದು ಕೊಟ್ಟರೆ ಪೈಥಾನ್ ಅದನ್ನು ಬಿಟ್ಟು ಓದುತ್ತದೆ.

ಕೋಡಿನಲ್ಲೇ ನೇರವಾಗಿ ‘ಇಂಪೋರ್ಟ್’ ಎಂದು ಬರೆಯುವಾಗ ಈ ಅಕ್ಷರ ನುಸುಳಿದ್ದರೆ ಪೈಥಾನ್ ವ್ಯಾಕರಣ ದೋಷ ಎಂದು ಅಲ್ಲೇ ನಿಲ್ಲುತ್ತಿತ್ತು. ಹೆಸರನ್ನು ಸ್ಟ್ರಿಂಗಾಗಿ, ಅಂದರೆ ಬರೀ ಪಠ್ಯವಾಗಿ, ಕೊಟ್ಟಾಗ ಆ ಕಾವಲು ಇರುವುದಿಲ್ಲ. ನೀವು ಕೊಟ್ಟ ಅಕ್ಷರಗಳನ್ನು ಹಾಗೆ ಹಾಗೇ ಹಿಡಿದು ಅದು ಫೋಲ್ಡರಿನಲ್ಲಿ ಹುಡುಕುತ್ತದೆ.

ಕನ್ನಡದಲ್ಲಿ ಇದೇ ಜಾತಿಯ ಇನ್ನೊಂದು ಬಲೆ ಇದೆ. ‘ಟೋಕನ್’ ಪದದ ಓ ಮಾತ್ರೆಯನ್ನು ಯೂನಿಕೋಡಿನಲ್ಲಿ ಒಂದೇ ಗುರುತಾಗಿ ಬರೆಯಬಹುದು, ಮೂರು ಬಿಡಿ ಗುರುತುಗಳಾಗಿಯೂ ಬರೆಯಬಹುದು: ಎ ಮಾತ್ರೆ, ಊ ಮಾತ್ರೆ, ದೀರ್ಘ ಚಿಹ್ನೆ. ಮೊದಲ ರೀತಿಯಲ್ಲಿ ಪದದ ಉದ್ದ 5, ಎರಡನೆಯದರಲ್ಲಿ 7. ತೆರೆಯ ಮೇಲೆ ಎರಡೂ ‘ಟೋಕನ್’. ಹಳೆಯ ಮ್ಯಾಕ್ ಯಂತ್ರಗಳ ಎಚ್‌ಎಫ್‌ಎಸ್ ಪ್ಲಸ್ ಫೈಲ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಅಲ್ಲಿ ಹುಟ್ಟಿದ ಫೈಲ್ ಆ ಹೆಸರಿನಲ್ಲೇ ಲಿನಕ್ಸಿಗೆ ಬಂದರೆ ಸೆಟ್ಟಿಂಗಿನ ಐದು ಗುರುತಿನ ಹೆಸರಿಗೆ ಅದು ಸಿಗುವುದಿಲ್ಲ. ಕೋಡಿನಲ್ಲಿ ನೇರವಾಗಿ ಬರೆದ ಹೆಸರನ್ನು ಪೈಥಾನ್ ಎನ್‌ಎಫ್‌ಕೆಸಿ ಎಂಬ ಕೂಡಿಸಿದ ರೂಪಕ್ಕೆ ತಂದುಕೊಳ್ಳುತ್ತದೆ, ಸ್ಟ್ರಿಂಗಾಗಿ ಕೊಟ್ಟದ್ದನ್ನು ತರುವುದಿಲ್ಲ.

ಪರಿಹಾರವಾಗಿ ಎರಡು ಕೆಲಸ ಮಾಡಿದೆ. ಒಂದು, ಸೆಟ್ಟಿಂಗಿನಿಂದ ಓದಿದ ಹೆಸರನ್ನು ‘ಯೂನಿಕೋಡ್‌ಡೇಟಾ’ ಮಾಡ್ಯೂಲಿನ ‘ನಾರ್ಮಲೈಜ್’ ಮೂಲಕ ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ತಂದು, ಸೊನ್ನೆ ಅಗಲದ ಜಾಯ್ನರ್, ನಾನ್ ಜಾಯ್ನರ್ ಎರಡನ್ನೂ ಅಳಿಸಿ, ಕೊನೆಗೆ ಸ್ಟ್ರಿಪ್ ಮಾಡುವುದು. ಇದನ್ನು ಮಾಡ್ಯೂಲ್ ಹೆಸರಿಗೆ ಮಾತ್ರ ಮಾಡಿ. ಮೆನುವಿನ ಪದಗಳಿಗೆ ಮಾಡಿದರೆ ಬಿಲ್ಲಿನ ಮೇಲೆ ಕನ್ನಡ ಕೆಡುತ್ತದೆ. ಎರಡನೆಯದು, ಸೆಟ್ಟಿಂಗಿನ ಹೆಸರು ನೇರವಾಗಿ ಫೈಲಿನ ಹೆಸರಾಗದಂತೆ ನಡುವೆ ಒಂದು ಡಿಕ್ಷನರಿ. ಎಡಕ್ಕೆ ‘ಪಾರ್ಸೆಲ್’, ಬಲಕ್ಕೆ ರೋಮನ್ ಸಣ್ಣಕ್ಷರದಲ್ಲಿ ಮಾಡ್ಯೂಲಿನ ಪೂರ್ಣ ಹೆಸರು. ಜನ ನೋಡುವುದು ಕನ್ನಡವನ್ನೇ, ಡಿಸ್ಕಿನ ಮೇಲಿನ ಫೈಲಿಗೆ ಮಾತ್ರ ರೋಮನ್. ಇದರಿಂದ ಇನ್ನೊಂದು ರಕ್ಷಣೆಯೂ ಸಿಕ್ಕಿತು. ಇಂಪೋರ್ಟ್ ಅಂದರೆ ಆ ಫೈಲಿನ ಕೋಡನ್ನು ಓಡಿಸುವುದು. ಸೆಟ್ಟಿಂಗಿನಲ್ಲಿ ಯಾರು ಏನು ಬರೆದರೂ ಅದನ್ನು ಓಡಿಸುವ ಪ್ರೋಗ್ರಾಂ ಗಲ್ಲೆಯ ಕಂಪ್ಯೂಟರಿನಲ್ಲಿ ಇರಬಾರದು. ಡಿಕ್ಷನರಿಯಲ್ಲಿ ಇಲ್ಲದ ಹೆಸರಿಗೆ ಈಗ ಬಾಗಿಲು ತೆರೆಯುವುದಿಲ್ಲ.

ಕಾಣೆಯಾದದ್ದು ಬೇರೆಯವರಾದರೆ

ಠಾಣೆಯ ಇನ್ನೊಂದು ಹೋಟೆಲಿನಲ್ಲಿ ಹೊಸ ಕಂಪ್ಯೂಟರ್ ಹಾಕಿದ ದಿನ ಪ್ರೋಗ್ರಾಂ ‘ಸೀರಿಯಲ್’ ಎಂಬ ಮಾಡ್ಯೂಲ್ ಇಲ್ಲ ಎಂದಿತು. ನಮ್ಮ ಮಾಡ್ಯೂಲ್ ಸಿಕ್ಕಿದೆ, ಅದು ಕರೆಯುವ ಲೈಬ್ರರಿ ಇಲ್ಲ. ಕಂಪ್ಯೂಟರ್ ಹಾಕಿಕೊಟ್ಟ ಹುಡುಗ ಸಂದೇಶ ಓದಿ, ಲೈಬ್ರರಿ ಇಳಿಸಿಕೊಡುವ ಪಿಪ್ ಎಂಬ ಸಾಧನಕ್ಕೆ ‘ಪಿಪ್ ಇನ್‌ಸ್ಟಾಲ್ ಸೀರಿಯಲ್’ ಎಂದು ಕೊಟ್ಟ. ಅದು ಯಶಸ್ವಿಯಾಗಿ ಇಳಿಯಿತು. ಆಮೇಲೆ ಬಂದ ದೋಷ: ‘ಸೀರಿಯಲ್’ ಮಾಡ್ಯೂಲಿಗೆ ‘ಸೀರಿಯಲ್’ ಎಂಬ ಗುಣ ಇಲ್ಲ.

ಇಂಪೋರ್ಟ್ ಮಾಡುವ ಹೆಸರೂ ಪಿಪ್‌ನಲ್ಲಿ ಕೇಳುವ ಹೆಸರೂ ಒಂದೇ ಆಗಿರಬೇಕೆಂದಿಲ್ಲ. ಸೀರಿಯಲ್ ಪೋರ್ಟಿನ ಲೈಬ್ರರಿಯನ್ನು ‘ಪೈಸೀರಿಯಲ್’ ಎಂದು ಇಳಿಸಿಕೊಳ್ಳಬೇಕು, ‘ಸೀರಿಯಲ್’ ಎಂದು ಇಂಪೋರ್ಟ್ ಮಾಡಬೇಕು. ಬರೀ ‘ಸೀರಿಯಲ್’ ಎಂಬ ಹೆಸರಿನಲ್ಲಿ ಪೋರ್ಟಿಗೆ ಸಂಬಂಧವೇ ಇಲ್ಲದ ಇನ್ನೊಂದು ಪ್ಯಾಕೇಜ್ ಅಲ್ಲಿದೆ. ಚಿತ್ರಗಳ ‘ಪಿಲ್ಲೋ’ ಕೂಡ ಹೀಗೆಯೇ, ಇಂಪೋರ್ಟ್ ಮಾಡುವಾಗ ಅದು ‘ಪಿಐಎಲ್’. ಮೊದಲು ತಪ್ಪು ಪ್ಯಾಕೇಜನ್ನು ಅನ್‌ಇನ್‌ಸ್ಟಾಲ್ ಮಾಡಿ, ಆಮೇಲೆ ಸರಿಯಾದದ್ದನ್ನು ಹಾಕಿ. ಎರಡೂ ಒಂದೇ ಫೋಲ್ಡರ್ ಹೆಸರಿಗೆ ಇಳಿಯುವುದರಿಂದ ಒಂದರ ಮೇಲೊಂದು ಹಾಕಿದರೆ ಕಲಸುಮೇಲೋಗರ.

ಯಾವ ಪೈಥಾನ್, ಯಾವ ದಾರಿ

ಕೇಳಿದ ಹೆಸರೇ ಕಾಣೆ, ರೆಪ್ರ್‌ನಲ್ಲಿ ಹೆಸರು ಶುದ್ಧ. ಆಗ ಪ್ರೋಗ್ರಾಮಿನ ತಲೆಯಲ್ಲಿ ಮೂರು ಸಂಗತಿ ಪ್ರಿಂಟ್ ಮಾಡಿ: ‘ಸಿಸ್.ಎಕ್ಸಿಕ್ಯೂಟಬಲ್’ (ಓಡುತ್ತಿರುವ ಪೈಥಾನಿನ ವಿಳಾಸ), ‘ಸಿಸ್.ಪಾತ್’ (ಮಾಡ್ಯೂಲ್ ಹುಡುಕುವ ಫೋಲ್ಡರುಗಳ ಪಟ್ಟಿ), ಈಗಿನ ಫೋಲ್ಡರ್. ನಾವು ಪಿಪ್ ಓಡಿಸಿದ ಪೈಥಾನ್ ಒಂದು, ಪ್ರೋಗ್ರಾಂ ಓಡುವ ಪೈಥಾನ್ ಇನ್ನೊಂದು ಆಗಿರುವುದನ್ನು ನಾನು ಎಷ್ಟು ಸಲ ಕಂಡಿದ್ದೇನೋ. ಬರೀ ‘ಪಿಪ್’ ಎನ್ನುವ ಬದಲು, ಮೊದಲ ಸಾಲು ತೋರಿಸಿದ ಆ ಪೈಥಾನಿನ ಪೂರ್ಣ ವಿಳಾಸ ಕೊಟ್ಟು ‘-ಎಂ ಪಿಪ್’ ಎಂದು ಓಡಿಸಿದರೆ ಈ ಗೊಂದಲ ಉಳಿಯುವುದಿಲ್ಲ.

ದಾರಿಯ ಪಟ್ಟಿಯ ಮೊದಲ ಸಾಲು ಪ್ರೋಗ್ರಾಮನ್ನು ಹೇಗೆ ಶುರು ಮಾಡಿದಿರಿ ಎನ್ನುವುದರ ಮೇಲೆ ಬದಲಾಗುತ್ತದೆ. ಫೈಲಿನ ಹೆಸರು ಕೊಟ್ಟು ಓಡಿಸಿದರೆ ಆ ಫೈಲ್ ಇರುವ ಫೋಲ್ಡರ್. ‘-ಎಂ’ ಕೊಟ್ಟು ಓಡಿಸಿದರೆ ನೀವು ನಿಂತ ಫೋಲ್ಡರ್. ವಿಂಡೋಸ್ ಟಾಸ್ಕ್ ಶೆಡ್ಯೂಲರಿನಲ್ಲಿ ಶುರುವಿನ ಫೋಲ್ಡರ್ ಖಾಲಿ ಬಿಟ್ಟರೆ ಪ್ರೋಗ್ರಾಂ ‘ಸಿಸ್ಟಮ್32’ ಒಳಗೆ ನಿಂತು ಕಣ್ಣು ಬಿಡುತ್ತದೆ. ಕೈಯಲ್ಲಿ ಓಡಿಸಿದರೆ ಸರಿ, ಬೆಳಿಗ್ಗೆ ತಾನಾಗಿ ಶುರುವಾದರೆ ತಪ್ಪು ಎನ್ನುವ ದೂರಿಗೆ ಮೊದಲು ಇದನ್ನೇ ನೋಡಿ. ಇನ್ನೊಂದು ಕಾರಣ ಲಾಗಿನ್. ಪಿಪ್ ಒಬ್ಬರ ಖಾತೆಗೆ ಮಾತ್ರ ಇಳಿಸಿಕೊಟ್ಟ ಲೈಬ್ರರಿ ಬೇರೆ ಖಾತೆಯಲ್ಲಿ ಓಡುವ ಪ್ರೋಗ್ರಾಮಿಗೆ ಸಿಗುವುದಿಲ್ಲ.

ನನ್ನ ಲ್ಯಾಪ್‌ಟಾಪಿನಲ್ಲಿ ಸರಿ, ಲಿನಕ್ಸ್ ಸರ್ವರಿನಲ್ಲಿ ಇಲ್ಲ ಎಂದಾದರೆ ಕೋಡಿನ ಬದಲಾವಣೆ ದಾಖಲಿಸುವ ಗಿಟ್‌ನಲ್ಲಿ ಫೈಲ್ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರ ನೋಡಿ. ವಿಂಡೋಸಿನಲ್ಲಿ ಅಕ್ಷರದ ಗಾತ್ರವಷ್ಟೇ ಬದಲಿಸಿದರೆ ಗಿಟ್ ಅದನ್ನು ಬದಲಾವಣೆಯೆಂದು ಗಮನಿಸದೆ ಇರಬಹುದು, ಸರ್ವರಿಗೆ ಹಳೆಯ ಹೆಸರೇ ಹೋಗುತ್ತದೆ. ‘ಗಿಟ್ ಎಂವಿ’ ಆಜ್ಞೆಯಿಂದಲೇ ಹೆಸರು ಬದಲಿಸಿ.

ಇಷ್ಟಾದರೂ ತಿಳಿಯದಿದ್ದರೆ ಪೈಥಾನನ್ನು ‘-ವಿವಿ’ ಕೊಟ್ಟು ಓಡಿಸಿ. ಅದು ಎಲ್ಲೆಲ್ಲಿ ಹುಡುಕಿತು ಎಂಬುದನ್ನೆಲ್ಲ ಕಕ್ಕುತ್ತದೆ, ಉದ್ದ ಬಹಳ, ನಿಮ್ಮ ಮಾಡ್ಯೂಲಿನ ಹೆಸರು ಹಿಡಿದು ಸೋಸಿ ನೋಡಿ.

ಸಿಕ್ಕಿತು, ಆದರೆ ನಮ್ಮದಲ್ಲ

ದೋಷವಿಲ್ಲದೆ ಇಂಪೋರ್ಟ್ ಆಯಿತು, ಆಮೇಲೆ ‘ಇಂಥ ಗುಣ ಇಲ್ಲ’ ಎಂದು ಬಂತು. ಆಗ ಕೈಗೆ ಬಂದ ಮಾಡ್ಯೂಲಿನ ‘__ಫೈಲ್__’ ಪ್ರಿಂಟ್ ಮಾಡಿ ಅದು ಬಂದ ಊರು ತಿಳಿದುಕೊಳ್ಳಿ. ನಮ್ಮ ಫೋಲ್ಡರಿನಲ್ಲೇ ‘ಸೀರಿಯಲ್’ ಹೆಸರಿನ ಫೈಲ್ ಇದ್ದರೆ ಲೈಬ್ರರಿಯ ಬದಲು ಅದೇ ಬರುತ್ತದೆ. ಸ್ಟ್ಯಾಂಡರ್ಡ್ ಲೈಬ್ರರಿಯ ಹೆಸರನ್ನು ಹೀಗೆ ಮುಚ್ಚಿದ್ದರೆ ಪೈಥಾನ್ 3.13 ತಾನೇ ಹೆಸರು ಬದಲಿಸಲು ಸೂಚಿಸುತ್ತದೆ.

ಪ್ಯಾಕೇಜ್ ಫೋಲ್ಡರಿನಲ್ಲಿ ‘__ಇನಿಟ್__’ ಫೈಲ್ ಇಲ್ಲದಿದ್ದಾಗ ಆಗುವುದು ಇನ್ನೂ ವಿಚಿತ್ರ. 3.3ರಿಂದ ಅದಿಲ್ಲದ ಫೋಲ್ಡರೂ ಪ್ಯಾಕೇಜಾಗಿ ನಡೆಯುತ್ತದೆ. ಆದರೆ ಹುಡುಕಾಟದ ದಾರಿಯಲ್ಲಿ ಮುಂದೆ ಎಲ್ಲಾದರೂ ಅದೇ ಹೆಸರಿನ, ಇನಿಟ್ ಫೈಲ್ ಇರುವ ಪ್ಯಾಕೇಜ್ ಸಿಕ್ಕರೆ ಪೈಥಾನ್ ಅದನ್ನೇ ಆರಿಸುತ್ತದೆ. ನಮ್ಮದು ಮೊದಲು ಸಿಕ್ಕರೂ ಸೋಲುತ್ತದೆ. ನಾನಂತೂ ಖಾಲಿಯಾದರೂ ಸರಿ, ಇನಿಟ್ ಫೈಲ್ ಇಟ್ಟೇ ಇಡುತ್ತೇನೆ.

ಹಳೆಯ ಕೋಡಿನಲ್ಲಿ ‘__ಇಂಪೋರ್ಟ್__’ ಬಳಸಿದ್ದರೆ ಅದಕ್ಕೆ ‘ಕೇಂದ್ರ.ಪಾರ್ಸೆಲ್’ ಎಂದು ಕೊಟ್ಟರೂ ಅದು ಮರಳಿಸುವುದು ‘ಕೇಂದ್ರ’ವನ್ನು. ಒಳಗಿನದು ಬೇಕಾದರೆ ‘ಇಂಪೋರ್ಟ್_ಮಾಡ್ಯೂಲ್’ ಬಳಸಿ. ಚುಕ್ಕೆಯಿಂದ ಶುರುವಾಗುವ ಹೆಸರು ಕೊಟ್ಟರೆ ಪ್ಯಾಕೇಜಿನ ಹೆಸರನ್ನೂ ಜೊತೆಗೆ ಕೊಡಬೇಕು, ಇಲ್ಲದಿದ್ದರೆ ಬರುವುದು ಇಂಪೋರ್ಟ್‌ಎರರ್ ಅಲ್ಲ, ಟೈಪ್‌ಎರರ್.

ಓಡುತ್ತಿರುವಾಗ, ಕಟ್ಟಿಕೊಟ್ಟಾಗ

ಪ್ರೋಗ್ರಾಂ ಓಡುತ್ತಿರುವಾಗಲೇ ಹೊಸ ಮಾಡ್ಯೂಲ್ ಫೈಲ್ ಹಾಕಿದರೆ, ಇಂಪೋರ್ಟ್‌ಗೆ ಮೊದಲು ‘ಇಂಪೋರ್ಟ್‌ಲಿಬ್.ಇನ್‌ವ್ಯಾಲಿಡೇಟ್_ಕ್ಯಾಶಸ್’ ಕರೆಯಿರಿ. ಫೋಲ್ಡರಿನಲ್ಲಿ ಏನಿದೆ ಎಂಬ ಪಟ್ಟಿಯನ್ನು ಪೈಥಾನ್ ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಇದ್ದ ಫೈಲನ್ನೇ ತಿದ್ದಿದ್ದರೆ ಮತ್ತೆ ಇಂಪೋರ್ಟ್ ಮಾಡಿದರೂ ‘ಸಿಸ್.ಮಾಡ್ಯೂಲ್ಸ್’ನಲ್ಲಿರುವ ಹಳೆಯದೇ ಬರುತ್ತದೆ. ‘ರಿಲೋಡ್’ ಇದೆ, ಆದರೆ ಬೇರೆ ಕಡೆ ಹಿಡಿದಿಟ್ಟ ಹಳೆಯ ಫಂಕ್ಷನುಗಳು ಹಳೆಯವೇ ಆಗಿ ಉಳಿಯುತ್ತವೆ. ಬಿಲ್ಲಿನ ವಿಷಯದಲ್ಲಿ ಆ ಅಪಾಯ ಬೇಡ, ಮಧ್ಯಾಹ್ನ ಮೂರು ಗಂಟೆಗೆ ಗಿರಾಕಿ ಕಡಿಮೆ ಇದ್ದಾಗ ಪ್ರೋಗ್ರಾಂ ನಿಲ್ಲಿಸಿ ಶುರು ಮಾಡಿ.

ಪೈಇನ್‌ಸ್ಟಾಲರಿನಿಂದ ಒಂದೇ ಇಎಕ್ಸ್‌ಇ (ಪೈಥಾನ್ ಹಾಕದ ಕಂಪ್ಯೂಟರಿನಲ್ಲೂ ಓಡುವ ಒಂದೇ ಫೈಲ್) ಕಟ್ಟಿದಾಗ ಮಾತ್ರ ಮಾಡ್ಯೂಲ್ ಸಿಗದಿದ್ದರೆ ಕಾರಣ ನೇರ. ಅದು ಕೋಡ್ ಓದಿ ಇಂಪೋರ್ಟ್ ಸಾಲುಗಳನ್ನು ಹುಡುಕಿ ಫೈಲು ಸೇರಿಸುತ್ತದೆ. ಸ್ಟ್ರಿಂಗ್ ಆಗಿ ಸೆಟ್ಟಿಂಗಿನಿಂದ ಬರುವ ಹೆಸರು ಅದಕ್ಕೆ ಗೊತ್ತಾಗುವ ಬಗೆಯೇ ಇಲ್ಲ. ‘--ಹಿಡನ್-ಇಂಪೋರ್ಟ್’ ಕೊಟ್ಟು ಒಂದೊಂದನ್ನೇ ಹೇಳಿ, ಇಲ್ಲವೇ ‘--ಕಲೆಕ್ಟ್-ಸಬ್‌ಮಾಡ್ಯೂಲ್ಸ್’ ಕೊಟ್ಟು ಇಡೀ ಪ್ಯಾಕೇಜನ್ನು ಒಳಗೆ ಹಾಕಿ.

ಮಾಟುಂಗದಲ್ಲಿ ಆ ದಿನ ಸೆಟ್ಟಿಂಗ್ ಫೈಲಿನ ಸಾಲನ್ನು ಅಳಿಸಿ, ಲೆಕ್ಕದ ಹುಡುಗನ ಕೈಯಿಂದಲೇ ‘ಪಾರ್ಸೆಲ್’ ಎಂದು ಹೊಸದಾಗಿ ಟೈಪ್ ಮಾಡಿಸಿದೆ. ಲೆನ್ 8 ಎಂದಿತು. ಪ್ರೋಗ್ರಾಂ ಶುರು ಮಾಡಿದೆವು, ಪಾರ್ಸೆಲ್ ಕೌಂಟರಿನ ಪ್ರಿಂಟರ್ ಕಿರ್ ಎಂದು ಮೊದಲ ಚೀಟಿ ಉಗುಳಿತು: ಎರಡು ಇಡ್ಲಿ ವಡೆ, ಒಂದು ನೀರುದೋಸೆ. ಡಿಕ್ಷನರಿ, ಹೆಸರು ಶುದ್ಧಿ, ಹೊಸ ಎಕ್ಸೆಪ್ಟ್ ಸಾಲುಗಳನ್ನು ಮರುದಿನ ಬರೆದೆ. ಜೊತೆಗೆ, ಸೆಟ್ಟಿಂಗಿನಲ್ಲಿರುವ ಎಲ್ಲ ಕೌಂಟರುಗಳ ಮಾಡ್ಯೂಲನ್ನೂ ಪ್ರೋಗ್ರಾಂ ಶುರುವಾದ ಕೂಡಲೇ ಕರೆದು, ಪ್ರತಿ ಪ್ರಿಂಟರಿನಲ್ಲೂ ಆ ಕೌಂಟರಿನ ಹೆಸರಿನ ಒಂದು ಸಾಲು ಮುದ್ರಿಸುವಂತೆ ಮಾಡಿದೆ. ಈಗ ಬೆಳಿಗ್ಗೆ ಐದೂವರೆಗೆ, ಶಟರ್ ಏರಿಸುವ ಮೊದಲು, ಹುಡುಗ ನಾಲ್ಕು ಚೀಟಿ ಹರಿದು ಗಲ್ಲೆಯ ಮೇಲೆ ಸಾಲಾಗಿ ಇಡುತ್ತಾನೆ. ಮೂರೇ ಇದ್ದರೆ ಆಗಲೇ ನನಗೆ ಫೋನ್.